ಕಂಪ್ಯೂಟರ್ ಕಟ್ಟೆ: ನೋಡುವಾಗ ಸರಿ ಓಡುವ ವಿಡಿಯೋ ಕತ್ತರಿಸುವಾಗ ಯಾಕೆ ಮುಗ್ಗರಿಸುತ್ತದೆ?

ಪತ್ತನಾಜೆ ಕಳೆಯಿತು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿಟ್ಟರು, ಕೋಲ ನೇಮಗಳೂ ನಿಂತವು, ಹೊರಗೆ ಮಳೆ ಹಿಡಿದಿದೆ. ನಮ್ಮ ಕಾಸರಗೋಡಿನವರು ಆರು ತಿಂಗಳಿಂದ ಫೋನಿನಲ್ಲಿ ತುಂಬಿಸಿಟ್ಟದ್ದನ್ನೆಲ್ಲ ಈಗ ಕಂಪ್ಯೂಟರಿಗೆ ಇಳಿಸಿ ಕೂತಿದ್ದಾರೆ ಅಂತ ಕಾಣುತ್ತದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿಡಿಯೋ ಎಡಿಟಿಂಗಿನದ್ದೇ. ಹಾಗಾಗಿ ಈ ಸಲ ಕಟ್ಟೆಯಲ್ಲಿ ಅದೊಂದೇ ಮಾತು. ಪ್ರಿಂಟರ್ ಬಗ್ಗೆ ಕೇಳಿದವರು, ಪಾಸ್‌ವರ್ಡ್ ಮರೆತವರು ಮುಂದಿನ ತಿಂಗಳವರೆಗೆ ಸ್ವಲ್ಪ ತಾಳಿಕೊಳ್ಳಿ.

ಪ್ರಶ್ನೆ: ಮಗಳು ಮೊದಲ ಸಲ ಯಕ್ಷಗಾನದಲ್ಲಿ ಬಾಲಗೋಪಾಲ ವೇಷ ಮಾಡಿದಳು. ನಾನೂ ನನ್ನ ತಮ್ಮನೂ ಎರಡು ಫೋನಿನಲ್ಲಿ 4ಕೆ ವಿಡಿಯೋ ಮಾಡಿದ್ದೇವೆ. ಮನೆಯ ಕಂಪ್ಯೂಟರ್ 2014ರದ್ದು, ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದರೆ ಹೇಗೋ ಓಡುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಎರಡು ಸೆಕೆಂಡು ಓಡಿ ಕಲ್ಲಾಗಿ ನಿಲ್ಲುತ್ತದೆ. ಹಿಂದೆ ಎಳೆದರೆ ಸ್ಕ್ರೀನೇ ಬೆಳ್ಳಗಾಗುತ್ತದೆ. ಅಂಗಡಿಯವರು ‘ಇದನ್ನು ಗುಜರಿಗೆ ಹಾಕಿ, ಹೊಸತು ತೆಗೆದುಕೊಳ್ಳಿ’ ಅನ್ನುತ್ತಾರೆ. ಬೇರೆ ದಾರಿ ಉಂಟಾ?
ನೀರ್ಚಾಲಿನ ಓದುಗರು

ಉತ್ತರ: ಉಂಟು ಮಾರಾಯ್ರೇ. ಗುಜರಿಗೆ ಹಾಕುವ ಮೊದಲು ಇದನ್ನೊಮ್ಮೆ ಓದಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದೊಂದು ಗೊತ್ತಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ನಿಮ್ಮ ಫೋನು ಮಾಡುವ ಕೆಲಸವನ್ನು ಮೊದಲು ನೋಡಿ. 4ಕೆ ಅಂದರೆ ಒಂದು ಚಿತ್ರದಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕಿ. ಬಣ್ಣವನ್ನು ಸ್ವಲ್ಪ ಉಳಿತಾಯ ಮಾಡಿ ಬರೆದರೂ ಒಂದು ಚಿತ್ರಕ್ಕೆ 12 ಎಂಬಿ ಮೇಲೆ ಬೇಕು. ಸೆಕೆಂಡಿಗೆ ಅಂಥ 30 ಚಿತ್ರ, ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ 22 ಜಿಬಿ! ಇದನ್ನು ಹಾಗೇ ಇಟ್ಟರೆ ಗಣಪತಿ ಸ್ತುತಿ ಮುಗಿಯುವ ಮೊದಲೇ ಫೋನು ತುಂಬಿ ಹೋಗುತ್ತದೆ. ಆದರೆ ಐಫೋನಿನ ಸೆಟ್ಟಿಂಗ್ಸಿನಲ್ಲಿ ನೋಡಿದರೆ 4ಕೆ 30 ಫ್ರೇಮಿನ ಒಂದು ನಿಮಿಷಕ್ಕೆ ಸುಮಾರು 170 ಎಂಬಿ ಅಂತ ಬರೆದಿರುತ್ತದೆ. 22 ಜಿಬಿ ಎಲ್ಲಿ, 170 ಎಂಬಿ ಎಲ್ಲಿ! ನೂರಮೂವತ್ತು ಪಾಲಿನಲ್ಲಿ ಒಂದು ಪಾಲು. ಇಷ್ಟು ಹಿಂಡುವುದು ಹೇಗೆ?

ನಮ್ಮ ಅಜ್ಜನ ಕಾಲದ ಜಿನಸು ಅಂಗಡಿಯ ಲೆಕ್ಕ ಪುಸ್ತಕ ನೆನಪು ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ಗಿರಾಕಿಯ ಹೆಸರು, ಮನೆ, ಸಾಮಾನು ಎಲ್ಲ ಪೂರ್ತಿ ಇರುತ್ತದೆ. ಅದರ ಕೆಳಗೆ ‘ಸದರಿ’, ‘ಸದರಿ’, ‘ಸದರಿ, ಆದರೆ ಅಕ್ಕಿ ಎರಡು ಸೇರು’. ಬದಲಾದದ್ದನ್ನು ಮಾತ್ರ ಬರೆಯುವುದು. ವಿಡಿಯೋ ಕಂಪ್ರೆಷನ್ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಒಂದು ಚಿತ್ರವನ್ನು ಪೂರ್ತಿ ಬರೆದಿಡುತ್ತದೆ, ಅದಕ್ಕೆ ಐ-ಫ್ರೇಮ್ ಅಥವಾ ಕೀ-ಫ್ರೇಮ್ ಅಂತ ಹೆಸರು. ಮುಂದಿನದ್ದೆಲ್ಲ ಸದರಿ ಸಾಲು. ‘ಹಿಂದಿನ ಹಾಗೇ, ಕೈ ಮಾತ್ರ ಇಷ್ಟು ಮೇಲೆ ಹೋಯಿತು’ ಅನ್ನುವುದು ಪಿ-ಫ್ರೇಮ್. ಇನ್ನೊಂದು ಬಿ-ಫ್ರೇಮ್ ಅಂತ ಉಂಟು, ಅದು ಹಿಂದಿನದ್ದನ್ನೂ ನೋಡುತ್ತದೆ, ಮುಂದೆ ಬರುವುದನ್ನೂ ನೋಡುತ್ತದೆ, ಎರಡರ ನಡುವೆ ಅಂದಾಜು ಹಾಕುತ್ತದೆ. ಮುಂದಿನ ಸಾಲನ್ನು ನೋಡಿ ಹಿಂದಿನ ಲೆಕ್ಕ ಬರೆಯುವ ಗುಮಾಸ್ತ!

ಈಗ ಆ ಪುಸ್ತಕದ ನಡುವಿನಿಂದ ಒಂದು ಸಾಲು ಹರಿದು ತಂದು ನನ್ನ ಕೈಗೆ ಕೊಡಿ. ಅದರಲ್ಲಿ ‘ಸದರಿ’ ಅಂತ ಮಾತ್ರ ಇದ್ದರೆ ನಾನೇನು ಮಾಡಲಿ? ಯಾವ ಸದರಿ ಅಂತ ತಿಳಿಯಲು ಮೇಲಿನ ಪೂರ್ತಿ ಸಾಲಿನಿಂದ ಓದಿಕೊಂಡು ಬರಬೇಕು. ನಿಮ್ಮ ಎಡಿಟರ್ ಅನುಭವಿಸುವ ಕಷ್ಟ ಇದೇ. ನೀವು ಮಗಳು ಕಾಲೆತ್ತಿದ ಜಾಗದಲ್ಲಿ ಒಂದು ಕ್ಲಿಕ್ ಮಾಡಿದಿರಿ, ಅದು 25ನೇ ಸದರಿ ಸಾಲು ಅಂತ ಇಟ್ಟುಕೊಳ್ಳಿ, ಕಂಪ್ಯೂಟರ್ ಹಿಂದಿನ ಐ-ಫ್ರೇಮಿಗೆ ಓಡಿ ಅಲ್ಲಿಂದ ಒಂದೊಂದಾಗಿ ಬಿಡಿಸಿಕೊಂಡು ಬಂದು ನಿಮಗೆ ಆ ಒಂದು ಚಿತ್ರ ತೋರಿಸಬೇಕು. ಒಂದು ಫ್ರೇಮ್ ಹಿಂದೆ ಹೋದಿರಾ? ಪುನಃ ಮೊದಲಿಂದ. ಅದಕ್ಕೇ ಹಿಂದೆ ಎಳೆದಾಗ ಸ್ಕ್ರೀನು ಬೆಳ್ಳಗಾಗುವುದು.

ವಿಎಲ್‌ಸಿಗೆ ಈ ತಾಪತ್ರಯ ಇಲ್ಲ. ಅದು ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ಉಸಿರು ಕಟ್ಟಿದರೆ ನಾಲ್ಕು ಫ್ರೇಮ್ ಸುಮ್ನೆ ಹಾರಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಎಡಿಟರ್ ಹಾಗೆ ಕದಿಯುವಂತಿಲ್ಲ ಅಲ್ವಾ? ಅದರ ಮೇಲೆ ನಿಮ್ಮದು ಎರಡು ಫೋನು. ಎರಡನ್ನೂ ಒಟ್ಟಿಗೆ ಟೈಮ್‌ಲೈನಿನಲ್ಲಿ, ಅಂದರೆ ತುಣುಕು ಜೋಡಿಸುವ ಪಟ್ಟಿಯಲ್ಲಿ, ಇಟ್ಟರೆ ಎರಡು ಲೆಕ್ಕ ಪುಸ್ತಕ ಒಟ್ಟಿಗೆ ಓದಬೇಕು.

ನಿಮ್ಮ ಕಂಪ್ಯೂಟರಿಗೆ ಇನ್ನೊಂದು ತೊಡಕು ಉಂಟು. ಈಗಿನ ಫೋನುಗಳು ಹೆಚ್ಚಾಗಿ ಎಚ್.265 ಅನ್ನುವ ವಿಧಾನದಲ್ಲಿ ಹಿಂಡುತ್ತವೆ. ಅದಕ್ಕೆ ಎಚ್‌ಇವಿಸಿ ಅಂತಲೂ ಹೆಸರು, 2013ರಲ್ಲಿ ಬಂದ ಮಾನಕ. ಅದರ ಹಿಂದಿನದ್ದು 2003ರ ಎಚ್.264. ಹೊಸತು ಹಳೆಯದರ ಸುಮಾರು ಅರ್ಧ ಜಾಗದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ, ಆದರೆ ಗಂಟು ಜಾಸ್ತಿ ಬಿಗಿ, ಬಿಚ್ಚುವ ಕೆಲಸವೂ ಜಾಸ್ತಿ. ಇಂಟೆಲ್‌ನವರು ಇದನ್ನು ಪೂರ್ತಿಯಾಗಿ ಬಿಡಿಸುವ ಸರ್ಕ್ಯೂಟನ್ನು ಚಿಪ್ಪಿನೊಳಗೇ ಇಟ್ಟದ್ದು 2015ರ ಆರನೇ ತಲೆಮಾರಿನಿಂದ, ಬಣ್ಣವನ್ನು ಇನ್ನೂ ನವಿರಾಗಿ ಬರೆಯುವ 10 ಬಿಟ್ಟಿನ ವಿಡಿಯೋ ಆದರೆ ಏಳನೆಯದರಿಂದ. ನಿಮ್ಮದು ನಾಲ್ಕನೆಯದು. ಹಾಗಾಗಿ ಭಾರ ಪೂರ್ತಿ ಬಡಪಾಯಿ ಪ್ರೊಸೆಸರಿನ ತಲೆ ಮೇಲೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಫೈಲು ಇರುವುದು ನೋಡಲಿಕ್ಕೆ, ಕಳಿಸಲಿಕ್ಕೆ. ಕತ್ತರಿಸಲಿಕ್ಕೆ ಅಂತ ಅದನ್ನು ಕಟ್ಟಿಲ್ಲ. ನಾನು ಇಪ್ಪತ್ತು ವರ್ಷದ ಹಿಂದೆ ಪೆಂಟಿಯಂ 4ರಲ್ಲಿ ಮಿನಿ ಡಿವಿ ಟೇಪಿನ ವಿಡಿಯೋ ಎಡಿಟ್ ಮಾಡುತ್ತಿದ್ದೆ, ಬೆಣ್ಣೆಯಲ್ಲಿ ಕತ್ತಿ ಹಾಕಿದ ಹಾಗೆ ಹೋಗುತ್ತಿತ್ತು. ಡಿವಿಯಲ್ಲಿ ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಹಿಂಡುತ್ತಿದ್ದರು, ಸದರಿ ಅನ್ನುವ ವ್ಯವಹಾರವೇ ಇರಲಿಲ್ಲ. ಗಂಟೆಗೆ 13 ಜಿಬಿ ತಿನ್ನುತ್ತಿತ್ತು ನಿಜ. ಆಗಿನ 80 ಜಿಬಿ ಡಿಸ್ಕಿನಲ್ಲಿ ಎರಡು ಮದುವೆ ಇಟ್ಟರೆ ಮೂರನೆಯದಕ್ಕೆ ಜಾಗ ಇಲ್ಲ.

ಈಗ ದಾರಿ. ಅದರ ಹೆಸರು ಪ್ರಾಕ್ಸಿ. ನಿಮ್ಮ ದೊಡ್ಡ ಫೈಲಿನ ಒಂದು ಸಣ್ಣ, ಹಗುರದ ನಕಲು ಮಾಡಿಕೊಳ್ಳುವುದು. ಕತ್ತರಿಸುವುದು, ಅಂಟಿಸುವುದು ಎಲ್ಲ ನಕಲಿನ ಮೇಲೆ. ಕೊನೆಗೆ ಎಕ್ಸ್‌ಪೋರ್ಟ್ ಕೊಡುವಾಗ, ಅಂದರೆ ಮುಗಿದ ವಿಡಿಯೋವನ್ನು ಹೊಸ ಫೈಲಾಗಿ ಬರೆಸುವಾಗ, ಸಾಫ್ಟ್‌ವೇರು ತಾನಾಗಿ ಅಸಲು ಫೈಲಿಗೆ ಹೋಗಿ ಅಲ್ಲಿಂದ ಚಿತ್ರ ತೆಗೆಯುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಎರಡೂ ಪುಕ್ಕಟೆ, ಎರಡರಲ್ಲೂ ಪ್ರಾಕ್ಸಿ ಉಂಟು. ಡಾವಿಂಚಿ ರಿಸಾಲ್ವಿನ ಪುಕ್ಕಟೆ ಆವೃತ್ತಿಯಲ್ಲೂ ಉಂಟು, ಆದರೆ ನಿಮ್ಮ 8 ಜಿಬಿ ರ‍್ಯಾಮಿಗೆ ಅದು ಆನೆ ಕಟ್ಟಿದ ಹಾಗೆ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿಗೆ ಹೋಗಿ ಪ್ರಾಕ್ಸಿ ಆನ್ ಮಾಡಿ, ಆಮೇಲೆ ಫೈಲ್ ತೆರೆಯಿರಿ. 540 ಸಾಲಿನ ನಕಲು ಅಂದರೆ 4ಕೆಯ ಹದಿನಾರನೇ ಒಂದು ಪಾಲು ಚುಕ್ಕಿ. ನಕಲು ತಯಾರಾಗಲು ಹೊತ್ತು ಹಿಡಿಯುತ್ತದೆ, ನಿಮ್ಮ ಐ3ರಲ್ಲಿ ಒಂದು ರಾತ್ರಿ ಬೇಕಾದೀತು. ಊಟ ಮಾಡಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ ಎದ್ದು ನೋಡಿ, ಮಗಳ ಧೀಂಗಿಣವನ್ನು ಹಿಂದೆ ಮುಂದೆ ಒಂದೊಂದೇ ಸುತ್ತಾಗಿ ಎಣಿಸಬಹುದು.

ಎರಡು ಎಚ್ಚರಿಕೆ. ಪ್ರಾಕ್ಸಿ ಮಾಡಿದ ಮೇಲೆ ಅಸಲು ಫೈಲನ್ನು ಅಳಿಸಬೇಡಿ, ಹೆಸರು ಬದಲಿಸಬೇಡಿ, ಬೇರೆ ಫೋಲ್ಡರಿಗೆ ಸಾಗಿಸಬೇಡಿ. ಹಾಗೇ ಫೈಲುಗಳನ್ನು ಪೆನ್‌ಡ್ರೈವಿನಲ್ಲೋ ಹಳೇ ಯುಎಸ್‌ಬಿ 2 ಡಿಸ್ಕಿನಲ್ಲೋ ಇಟ್ಟುಕೊಂಡು ಎಡಿಟ್ ಮಾಡಬೇಡಿ. ಆ ತೂತಿನಲ್ಲಿ ಸೆಕೆಂಡಿಗೆ ಮೂವತ್ತು ನಲ್ವತ್ತು ಎಂಬಿ ಮೇಲೆ ಹಾಯುವುದಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹೊಸ ಕಂಪ್ಯೂಟರ್ ಬದಲು ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕೊಂದನ್ನು ಹಾಕಿಸಿ, ರ‍್ಯಾಮ್ 16 ಮಾಡಿಸಿ. ಎಚ್.265 ಬಿಡಿಸುವ ಶಕ್ತಿ ಅದರಿಂದ ಬರುವುದಿಲ್ಲ, ಆ ಭ್ರಮೆ ಬೇಡ, ಆದರೆ ಉಳಿದದ್ದೆಲ್ಲ ಚುರುಕಾಗುತ್ತದೆ.

ಮುಂದಿನ ಯಕ್ಷಗಾನದ ಆಟಕ್ಕೆ ಮೊದಲು ಫೋನಿನ ಸೆಟ್ಟಿಂಗ್ಸ್ ನೋಡಿ. 4ಕೆ ಬದಲು 1080 ಸಾಲು, 30 ಫ್ರೇಮ್ ಸಾಕು. ಐಫೋನಾದರೆ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ, ಆಗ ಎಚ್.264ರಲ್ಲಿ ಬರೆಯುತ್ತದೆ. ಬೇರೆ ಫೋನಿನಲ್ಲಿ ಎಚ್‌ಇವಿಸಿ ಅಂತ ಒಂದು ಗುಂಡಿ ಎಲ್ಲಾದರೂ ಇರುತ್ತದೆ, ಅದನ್ನು ಆಫ್ ಮಾಡಿಡಿ. ಹೆಚ್ಚು ಬೆಳಕು ನೆರಳು ಹಿಡಿಯುವ ಎಚ್‌ಡಿಆರ್ ಅನ್ನುವ ಗುಂಡಿ ಇದ್ದರೆ ಅದನ್ನೂ.

ಪ್ರಶ್ನೆ: ತಾಳಮದ್ದಳೆಯ ವಿಡಿಯೋ. ಮೊದಲು ಸರಿ ಇರುತ್ತದೆ, ನಲ್ವತ್ತು ನಿಮಿಷ ಆಗುವಾಗ ಚೆಂಡೆಗೆ ಕೋಲು ಬಿದ್ದು ಎರಡು ಸೆಕೆಂಡಿನ ಮೇಲೆ ಪೆಟ್ಟು ಕೇಳುತ್ತದೆ. ಭಾಗವತರು ಬಾಯಿ ಮುಚ್ಚಿದ ಮೇಲೂ ಪದ ಬರುತ್ತಿರುತ್ತದೆ. ಫೋನಿನಲ್ಲಿ ನೋಡಿದರೆ ಎಲ್ಲ ಸರಿ ಉಂಟು. ಎಡಿಟರಿನಲ್ಲಿ ಮಾತ್ರ ತಾಳ ತಪ್ಪುತ್ತದೆ.
ಉಪ್ಪಳದ ಓದುಗರು

ಉತ್ತರ: ತಾಳ ತಪ್ಪಿದ್ದು ಭಾಗವತರಲ್ಲ, ನಿಮ್ಮ ಫೋನು. ಫೋನು ‘30 ಫ್ರೇಮ್’ ಅಂತ ಹೇಳಿಕೊಳ್ಳುತ್ತದೆ, ಆದರೆ ಸೆಕೆಂಡಿಗೆ ಸರಿಯಾಗಿ 30 ತೆಗೆಯುವುದಿಲ್ಲ. ಬೆಳಕು ಕಡಿಮೆ ಆದರೆ ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ಕಣ್ಣು ತೆರೆದಿಡಬೇಕು, ಆಗ 24ಕ್ಕೆ ಇಳಿಯಬಹುದು. ಬಿಸಿಯಾದರೆ ಇನ್ನೊಂದು ತಕರಾರು. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಪ್ರತಿ ಚಿತ್ರದ ಬೆನ್ನಿಗೂ ಅದು ಯಾವ ಹೊತ್ತಿನದ್ದು ಅಂತ ಚೀಟಿ ಅಂಟಿಸಿರುತ್ತದೆ, ಫೋನಿನ ಪ್ಲೇಯರ್ ಆ ಚೀಟಿ ಓದಿ ತೋರಿಸುವುದರಿಂದ ಅಲ್ಲಿ ಎಲ್ಲ ಸರಿ ಕಾಣುತ್ತದೆ. ಕೆಲವು ಎಡಿಟರುಗಳು ಚೀಟಿ ನೋಡದೆ ಎಲ್ಲವನ್ನೂ ಸಮನಾಗಿ 30ರ ಅಚ್ಚಿನಲ್ಲಿ ಹೊಯ್ಯುತ್ತವೆ.

ವ್ಯತ್ಯಾಸ ಎಷ್ಟು ಸಣ್ಣದಿದ್ದರೂ ಸಾಕು ನೋಡಿ. ಸರಾಸರಿ 29.97 ಇದ್ದದ್ದನ್ನು 30 ಅಂತ ಲೆಕ್ಕ ಹಿಡಿದರೆ ಒಂದು ಗಂಟೆಗೆ 3.6 ಸೆಕೆಂಡು ಚಿತ್ರ ಮುಂದೆ ಓಡುತ್ತದೆ. ನಲ್ವತ್ತು ನಿಮಿಷಕ್ಕೆ 2.4. ನೀವು ಹೇಳಿದ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂತಲ್ಲ!

ಪರಿಹಾರ ಸುಲಭ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ವಿಡಿಯೋ ಪುಟಕ್ಕೆ ಹೋಗಿ ಫ್ರೇಮ್ ರೇಟ್ 30 ಮಾಡಿ, ಕೆಳಗೆ ‘ಕಾನ್‌ಸ್ಟಂಟ್’ ಆರಿಸಿ, ಹೊಸ ಫೈಲು ಮಾಡಿಕೊಂಡು ಅದನ್ನು ಎಡಿಟ್ ಮಾಡಿ. ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 18ರ ಆಸುಪಾಸಿಗೆ ಇಳಿಸಿ. ಅಲ್ಲಿ ಸಂಖ್ಯೆ ಇಳಿದಷ್ಟೂ ಚಿತ್ರ ಒಳ್ಳೆಯದು, ಫೈಲು ದೊಡ್ಡದು. ಶಾಟ್‌ಕಟ್ ಆದರೆ ಇಂಥ ಫೈಲು ಹಾಕಿದ ಕೂಡಲೇ ತಾನಾಗಿ ‘ಎಡಿಟಿಗೆ ಒಗ್ಗುವ ಹಾಗೆ ಬದಲಿಸಲಾ’ ಅಂತ ಕೇಳುತ್ತದೆ. ಎಷ್ಟೋ ಜನ ಆ ಕಿಟಕಿಯನ್ನು ಓದದೆ ಮುಚ್ಚುತ್ತಾರೆ. ನೀವು ಹೂಂ ಅನ್ನಿ.

ಒಂದು ಮಾತು ಬಿಟ್ಟುಹೋಯಿತು. ಕೆಲವರು ಮೈಕಿನವರ ಮಿಕ್ಸರಿನಿಂದ ಆಡಿಯೋ ಬೇರೆ ತೆಗೆದುಕೊಂಡು, ಗದ್ದೆಯ ಆ ತುದಿಯಲ್ಲಿ ನಿಂತು ವಿಡಿಯೋ ಮಾಡಿರುತ್ತಾರೆ. ಫೋನಿನದೇ ಆಡಿಯೋವನ್ನು ಅದರ ಜೊತೆ ಇಟ್ಟು ನೋಡಿದರೆ ಸ್ವಲ್ಪ ಹಿಂದೆ ಬೀಳುತ್ತದೆ. ಅದು ಬೇರೆಯೇ ಸಂಗತಿ. ಶಬ್ದ ಸೆಕೆಂಡಿಗೆ 340 ಮೀಟರ್ ಮಾತ್ರ ಹೋಗುವುದು, ನೀವು 34 ಮೀಟರ್ ದೂರ ಇದ್ದರೆ ಮೂರು ಫ್ರೇಮ್ ತಡ. ಇದು ಮೊದಲಿಂದ ಕೊನೆವರೆಗೆ ಒಂದೇ ಅಂತರ ಇರುತ್ತದೆ. ಹೋಗುತ್ತಾ ಹೋಗುತ್ತಾ ಬೆಳೆದರೆ ಮಾತ್ರ ಫ್ರೇಮ್ ರೇಟಿನ ಜಗಳ.

ಪ್ರಶ್ನೆ: ಮೂರು ಗಂಟೆಯ ಸಭೆ. ಅದರಲ್ಲಿ ಗೋವಿಂದ ಪೈಗಳ ಬಗ್ಗೆ ಮಾಡಿದ ಇಪ್ಪತ್ತು ನಿಮಿಷದ ಭಾಷಣ ಮಾತ್ರ ಬೇಕು. ಅಷ್ಟಕ್ಕೆ ಎರಡು ಗಂಟೆ ಎಕ್ಸ್‌ಪೋರ್ಟ್ ಆಗುತ್ತಾ ಕೂರಬೇಕಾ?
ಮಂಜೇಶ್ವರದ ಓದುಗರು

ಉತ್ತರ: ಬೇಡ. ಲಾಸ್‌ಲೆಸ್‌ಕಟ್ ಅಥವಾ ಅವಿಡೆಮಕ್ಸ್ ಹಾಕಿಕೊಳ್ಳಿ. ಇವು ಗಂಟು ಬಿಚ್ಚುವುದೇ ಇಲ್ಲ, ಇದ್ದ ಹಾಗೇ ತುಂಡು ಮಾಡಿ ಕೊಡುತ್ತವೆ. ಒಂದು ನಿಮಿಷದ ಕೆಲಸ, ಚಿತ್ರ ಒಂದು ಚೂರೂ ಕೆಡುವುದಿಲ್ಲ. ಆದರೆ ಕತ್ತರಿ ಬೀಳುವುದು ಐ-ಫ್ರೇಮ್ ಇದ್ದಲ್ಲಿ ಮಾತ್ರ. ನೀವು ‘ಎಲ್ಲರಿಗೂ ನಮಸ್ಕಾರ’ ಅನ್ನುವಲ್ಲಿ ಕತ್ತರಿಸಿದರೆ, ಮೊದಲಿನ ಮೈಕ್ ಸರಿ ಮಾಡುವ ಗರಗರ ಒಂದೆರಡು ಸೆಕೆಂಡು ಬರಬಹುದು. ಫೋನಿನ ವಿಡಿಯೋದಲ್ಲಿ ಹೆಚ್ಚಾಗಿ ಸೆಕೆಂಡಿಗೊಂದು ಐ-ಫ್ರೇಮ್ ಇರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿದ್ದರಲ್ಲಿ ಕೆಲವೊಮ್ಮೆ ಹತ್ತು ಸೆಕೆಂಡಿಗೊಂದು. ಆಗ ಸ್ವಲ್ಪ ಕಿರಿಕಿರಿ.

ಪ್ರಶ್ನೆ: ತಂಗಿಯ ಮದುವೆಗೆ ಬಂದವರೆಲ್ಲ ವಾಟ್ಸಾಪಿನಲ್ಲಿ ಕಳಿಸಿದ ತುಣುಕುಗಳನ್ನು ಸೇರಿಸಿ ವಿಡಿಯೋ ಮಾಡಿದೆ. ಮೊದಲು ಒಂದು ಆ್ಯಪಿನಲ್ಲಿ ಸೇರಿಸಿದೆ, ಆಮೇಲೆ ಇನ್ನೊಂದರಲ್ಲಿ ಹಾಡು ಹಾಕಿದೆ, ಮೂರನೆಯದರಲ್ಲಿ ಹೆಸರು ಬರೆದೆ. ಈಗ ಟಿವಿಯಲ್ಲಿ ಹಾಕಿದರೆ ಮದುಮಗಳ ಸೀರೆ ಚೌಕುಳಿ ಲುಂಗಿ ಹಾಗೆ ಕಾಣುತ್ತದೆ. ಕ್ಲಾರಿಟಿ ಹೆಚ್ಚಿಸುವ ಸಾಫ್ಟ್‌ವೇರ್ ಯಾವುದು?
ಮುಳ್ಳೇರಿಯದ ಓದುಗರು

ಉತ್ತರ: ಚೌಕುಳಿ ಲುಂಗಿ! ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕೊಡಲಾರೆ. ಎಚ್.264 ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ಭಾಗ ಮಾಡಿಯೇ ಕೆಲಸ ಮಾಡುವುದು. ಬರೆಯಲು ಜಾಗ ಸಾಲದಿದ್ದರೆ ಒಂದೊಂದು ಚೌಕದ ಒಳಗಿನ ನವಿರನ್ನು ಬಿಸಾಡುತ್ತದೆ, ಆಗ ಚೌಕಗಳ ಅಂಚು ಕಣ್ಣಿಗೆ ಹೊಡೆಯುತ್ತದೆ.

ನಿಮ್ಮ ವಿಡಿಯೋ ಎಷ್ಟು ಸಲ ಹಿಂಡಿಸಿಕೊಂಡಿದೆ ಅಂತ ಎಣಿಸಿ. ಫೋನು ಒಂದು ಸಲ. ವಾಟ್ಸಾಪು ಎರಡನೇ ಸಲ, ಅದೂ ನಿರ್ದಯವಾಗಿ. ನಿಮ್ಮ ಮೂರು ಆ್ಯಪುಗಳು ಮೂರು ಸಲ. ಒಟ್ಟು ಐದು. ಹಿಂಡಿದ ತೆಂಗಿನಕಾಯಿಯನ್ನೇ ಐದು ಸಲ ಹಿಂಡಿದರೆ ಹಾಲು ಎಲ್ಲಿಂದ ಬರಬೇಕು? ಹೋದ ನವಿರು ಹೋಯಿತು. ಕ್ಲಾರಿಟಿ ಹೆಚ್ಚಿಸುತ್ತೇನೆ ಅನ್ನುವ ಸಾಫ್ಟ್‌ವೇರುಗಳು ಊಹಿಸಿ ತುಂಬುತ್ತವೆ. ಒಮ್ಮೆ ನಾನೂ ಒಂದನ್ನು ಪ್ರಯತ್ನಿಸಿದೆ, ನಮ್ಮ ದೊಡ್ಡಮ್ಮನಿಗೆ ಇಲ್ಲದ ಹುಬ್ಬು ಬರೆದುಕೊಟ್ಟಿತು.

ಕಳಿಸಿದವರ ಫೋನಿನಲ್ಲಿ ಅಸಲು ಇನ್ನೂ ಇರಬಹುದು. ಕೂಡಲೇ ಕೇಳಿ. ವಾಟ್ಸಾಪಿನಲ್ಲೇ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಲಿ, ಆಗ ಮುಟ್ಟದೆ ದಾಟಿಸುತ್ತದೆ. 2 ಜಿಬಿವರೆಗೆ ಹೋಗುತ್ತದೆ. ಆಮೇಲೆ ಸೇರಿಸುವುದು, ಹಾಡು, ಹೆಸರು ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ, ಎಕ್ಸ್‌ಪೋರ್ಟ್ ಒಂದೇ ಸಲ. ಒಂದರಿಂದ ಇನ್ನೊಂದಕ್ಕೆ ಹೋಗಲೇಬೇಕಾದ ಪರಿಸ್ಥಿತಿ ಬಂದರೆ ನಡುವಿನ ಫೈಲನ್ನು ಎಂಪಿ4 ಮಾಡಬೇಡಿ, ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಡಿಯಲ್ಲಿ ಮಾಡಿ. ಮೇಲೆ ಡಿವಿ ಬಗ್ಗೆ ಹೇಳಿದೆನಲ್ಲ, ಅದೇ ಜಾತಿ, ಪ್ರತಿ ಫ್ರೇಮೂ ಪೂರ್ತಿ. 1080ರ ಒಂದು ಗಂಟೆಗೆ 50 ಜಿಬಿ ದಾಟುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಈ ಹಿಂಡುವಿಕೆಯ ಬಣ್ಣ ಬಯಲಾಗುವುದನ್ನು ನೋಡಬೇಕಾದರೆ ದೇವಿ ಮಹಾತ್ಮೆಯ ಮಹಿಷಾಸುರ ಬರುವ ವಿಡಿಯೋ ಯಾವುದಾದರೂ ಹಾಕಿ. ನಡುರಾತ್ರಿ, ಕಪ್ಪು ಹಿನ್ನೆಲೆ, ಜನ ಎಲ್ಲ ಕುಳಿತಲ್ಲೇ ಇದ್ದಾರೆ, ಚಿತ್ರ ಕನ್ನಡಿ ಹಾಗೆ. ಯಾಕೆಂದರೆ ಅಲ್ಲಿ ಎಲ್ಲ ಸದರಿ. ಸಭೆಯ ಹಿಂದಿನಿಂದ ದೊಂದಿ ಹೊತ್ತಿ ರಾಳದ ಪುಡಿ ಎರಚಿ ಭಗ್ ಅಂತ ಬೆಂಕಿ ಎದ್ದ ಕ್ಷಣ ನಿಲ್ಲಿಸಿ ನೋಡಿ. ಕಿಡಿ, ಹೊಗೆ, ಓಡುವ ಜನ, ಎಲ್ಲರ ಮುಖದ ಮೇಲೆ ಬದಲಾಗುವ ಬೆಳಕು. ಹಿಂದಿನ ಫ್ರೇಮಿನ ಒಂದು ಚುಕ್ಕಿಯೂ ಈಗಿನದಕ್ಕೆ ಹೊಂದುವುದಿಲ್ಲ. ಸದರಿ ಅಂತ ಬರೆಯಲು ಏನೂ ಉಳಿದಿಲ್ಲ, ಪೂರ್ತಿ ಬರೆಯಲು ಜಾಗ ಇಲ್ಲ. ಮಹಿಷಾಸುರನ ಕೊಂಬು ಇಟ್ಟಿಗೆ ಇಟ್ಟಿಗೆಯಾಗಿ ಉದುರುತ್ತದೆ. ಹಾಗಾಗಿ ಇಂಥ ಆಟವನ್ನು ಎಕ್ಸ್‌ಪೋರ್ಟ್ ಮಾಡುವಾಗ ಬಿಟ್‌ರೇಟಿನಲ್ಲಿ, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಕೊಡುವ ಜಾಗದಲ್ಲಿ, ಜಿಪುಣತನ ಮಾಡಬಾರದು. ಭಾಷಣಕ್ಕೆ ಸಾಕಾಗುವ ಬಿಟ್‌ರೇಟು ಬೆಂಕಿಗೆ ಸಾಲದು.

ಪ್ರಶ್ನೆ: ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಬೇರೆ, ಅಕ್ಷರ ಬೇರೆ ಬೀಳುತ್ತದೆ.
ಹೊಸಂಗಡಿಯ ಓದುಗರು

ಉತ್ತರ: ಅಡೋಬಿಯ ಎಡಿಟರ್ ಪ್ರೀಮಿಯರ್ ಆದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಅಕ್ಷರದ ಎಂಜಿನ್ನನ್ನು ‘ಸೌತ್ ಏಷ್ಯನ್’ ಅಂತ ಇರುವುದಕ್ಕೆ ಬದಲಿಸಿ. ಬೇರೆಯದಾದರೆ ಯೂನಿಕೋಡ್ ಫಾಂಟ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಶೀರ್ಷಿಕೆಯನ್ನು ಬೇರೆ ಕಡೆ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಮಾಡಿ ವಿಡಿಯೋ ಮೇಲೆ ಇಟ್ಟುಬಿಡಿ. ಒರಟು ಉಪಾಯ, ಆದರೆ ಕೈಕೊಡುವುದಿಲ್ಲ.

ಪ್ರಶ್ನೆ: ಹಳೆಯ ಹ್ಯಾಂಡಿಕ್ಯಾಮಿನಲ್ಲಿ ತೆಗೆದ ಮಗನ ಉಪನಯನ. ಎಂಟಿಎಸ್ ಅನ್ನುವ ಐದಾರು ಫೈಲುಗಳು, ಪ್ರತಿಯೊಂದೂ ಒಂದೇ ಗಾತ್ರ. ಒಂದರ ಹಿಂದೆ ಒಂದು ಇಟ್ಟರೆ ಸೇರುವ ಜಾಗದಲ್ಲಿ ಟಕ್ ಅಂತ ಹಾರುತ್ತದೆ.
ಕುಂಬಳೆಯ ಓದುಗರು

ಉತ್ತರ: ಈ ಟಕ್ ನನಗೆ ಚೆನ್ನಾಗಿ ಗೊತ್ತು. ಭಾವನ ಮದುವೆಯಲ್ಲಿ ಉತ್ಸಾಹದಿಂದ ಇಡೀ ಧಾರೆಯನ್ನು ನಾನೇ ತೆಗೆದೆ. ಮನೆಗೆ ಬಂದು ಕಾರ್ಡಿನಿಂದ ಎಂಟಿಎಸ್ ಫೈಲುಗಳನ್ನು ಮಾತ್ರ ಹೆಕ್ಕಿ ಕಂಪ್ಯೂಟರಿಗೆ ಹಾಕಿದೆ, ಉಳಿದ ಫೋಲ್ಡರುಗಳೆಲ್ಲ ಯಾಕೆ ಸುಮ್ನೆ ಅಂತ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿದೆ. ಎಡಿಟ್ ಮಾಡುವಾಗ ನೋಡಿದರೆ ಎರಡನೇ ಫೈಲು ಮುಗಿದು ಮೂರನೆಯದು ಶುರುವಾಗುವುದು ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ. ಪುರೋಹಿತರ ಮಂತ್ರದ ಒಂದು ಅಕ್ಷರ ಗುಳುಂ. ಭಾವ ಇವತ್ತಿಗೂ ‘ನನ್ನ ಮದುವೆಯಲ್ಲಿ ಒಂದಕ್ಷರ ಕಮ್ಮಿ’ ಅಂತ ಹಂಗಿಸುತ್ತಾನೆ.

ಆಗುವುದೇನೆಂದರೆ, ಕಾರ್ಡುಗಳಲ್ಲಿ ಬಳಸುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದಾಗುವಂತಿಲ್ಲ. ಹಾಗಾಗಿ ಕ್ಯಾಮರಾ ಒಂದು ಉದ್ದದ ಶಾಟನ್ನು ತುಂಡು ತುಂಡಾಗಿ ಬರೆಯುತ್ತದೆ, ಕೆಲವು ಕ್ಯಾಮರಾಗಳಲ್ಲಿ 2 ಜಿಬಿಗೇ ತುಂಡು. ಕ್ಯಾಮರಾದ ಲೆಕ್ಕದಲ್ಲಿ ಅದು ಒಂದೇ ವಿಡಿಯೋ, ತುಂಡಾಗುವ ಜಾಗದಲ್ಲಿ ಒಂದು ಫ್ರೇಮಿನ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾವ ತುಂಡಿಗೆ ಯಾವ ತುಂಡು ಅಂತ ಬರೆದಿಟ್ಟಿರುವುದು ನಾನು ಅಳಿಸಿದ ಆ ಉಳಿದ ಫೋಲ್ಡರುಗಳಲ್ಲಿ! ನಿಮ್ಮ ಹತ್ತಿರ ಕಾರ್ಡಿನ ‘ಪ್ರೈವೇಟ್’ ಅನ್ನುವ ಫೋಲ್ಡರು ಇಡಿಯಾಗಿ ಇದ್ದರೆ ಕ್ಯಾಮರಾ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ತೆರೆಯಿರಿ, ಅದು ಸೇರಿಸಿ ಕೊಡುತ್ತದೆ. ಇಲ್ಲದಿದ್ದರೆ ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ‘ಕಾಪಿ’ ಆದೇಶದ ಜೊತೆ ‘ಸ್ಲ್ಯಾಶ್ ಬಿ’ ಹಾಕಿ, ಫೈಲುಗಳ ಹೆಸರಿನ ನಡುವೆ ಪ್ಲಸ್ ಗುರುತು ಇಟ್ಟು ಒಂದಕ್ಕೊಂದು ಜೋಡಿಸಿ. ಎಂಟಿಎಸ್ ಫೈಲನ್ನು ಹಾಗೆ ಬಾಲಕ್ಕೆ ತಲೆ ಕೂಡಿಸಿದರೂ ಸರಿಯಾಗಿ ಕೂರುತ್ತದೆ. ಎಂಪಿ4 ಆದರೆ ಕೂರುವುದಿಲ್ಲ, ಅದಕ್ಕೆ ಪ್ರಯೋಗ ಮಾಡಬೇಡಿ. ಜೋಡಿಸಿದ ಮೇಲೆ ಆ ಒಂದು ಫೈಲನ್ನು ಎಡಿಟರಿಗೆ ಹಾಕಿ. ನನಗೆ ಈ ಉಪಾಯ ಗೊತ್ತಾಗುವಾಗ ಭಾವನ ಮಗಳು ಶಾಲೆಗೆ ಹೋಗುತ್ತಿದ್ದಳು, ಎಂಟಿಎಸ್ ಫೈಲುಗಳನ್ನು ನಾನು ಯಾವತ್ತೋ ಅಳಿಸಿದ್ದೆ.

ಪ್ರಶ್ನೆ: ಆರು ಗಂಟೆಯ ಎಕ್ಸ್‌ಪೋರ್ಟ್. ಐದನೇ ಗಂಟೆಗೆ ಗುಡುಗು ಬಂದು ಕರೆಂಟು ಹೋಯಿತು. ಫೈಲು 9 ಜಿಬಿ ಆಗಿದೆ, ಆದರೆ ತೆರೆಯುವುದೇ ಇಲ್ಲ. ಐದು ಗಂಟೆಯದ್ದಾದರೂ ಸಿಗಬೇಡವಾ?
ಪೆರ್ಲದ ಓದುಗರು

ಉತ್ತರ: ನ್ಯಾಯವಾಗಿ ಸಿಗಬೇಕು. ಆದರೆ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿ ಉಂಟು ಅನ್ನುವ ಪರಿವಿಡಿಯನ್ನು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯುವುದು. ನಿಮ್ಮ 9 ಜಿಬಿ ಅಲ್ಲೇ ಬಿದ್ದುಕೊಂಡಿದೆ, ಪರಿವಿಡಿ ಇಲ್ಲದ ಕಾರಣ ಯಾವ ಪ್ಲೇಯರಿಗೂ ತಲೆಬುಡ ತಿಳಿಯುವುದಿಲ್ಲ. ಅದನ್ನು ರಿಪೇರಿ ಮಾಡುವ ಸಲಕರಣೆಗಳು ಇವೆ, ಆದರೆ ನಿಮ್ಮ ಎಡಿಟಿಂಗ್ ಪ್ರಾಜೆಕ್ಟ್ ಫೈಲು ಹಾಗೇ ಉಂಟಲ್ಲ? ಅದರಿಂದ ಪುನಃ ಎಕ್ಸ್‌ಪೋರ್ಟ್ ಮಾಡುವುದೇ ಸಲೀಸು.

ಈ ಸಲ ಎಂಪಿ4 ಬದಲು ಎಂಕೆವಿ ಅನ್ನುವ ಬಗೆಯ ಫೈಲು ಆರಿಸಿ. ಅದು ನಡುವೆ ನಿಂತರೂ ಅಷ್ಟರವರೆಗಿನದ್ದನ್ನು ಹೆಚ್ಚಾಗಿ ನೋಡಬಹುದು. ಇಡೀ ಆಟವನ್ನು ಒಂದೇ ಉಸಿರಿಗೆ ಮಾಡಬೇಡಿ, ಪ್ರಸಂಗದ ಒಂದೊಂದು ಭಾಗಕ್ಕೆ ಒಂದೊಂದು ಫೈಲು ಮಾಡಿ. ಎಲ್ಲದಕ್ಕೂ ಸೆಟ್ಟಿಂಗ್ ಒಂದೇ ಇದ್ದರೆ ಕೊನೆಗೆ ಲಾಸ್‌ಲೆಸ್‌ಕಟ್‌ನಲ್ಲಿ ಜೋಡಿಸಿಕೊಳ್ಳಬಹುದು, ಪುನಃ ಹಿಂಡುವ ಕೆಲಸ ಇಲ್ಲ. ಪೇಟೆಯಲ್ಲಿ ಸಿಗುವ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷ ಹಿಡಿದು ನಿಲ್ಲಿಸುತ್ತದೆ ಅಷ್ಟೆ, ಆರು ಗಂಟೆಗಲ್ಲ. ಮತ್ತೆ ಪೆರ್ಲದಲ್ಲಿ ಜೂನ್ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಎಕ್ಸ್‌ಪೋರ್ಟ್ ಒತ್ತುವ ಧೈರ್ಯ ನನಗಂತೂ ಇಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ.